ಒಗೆಯುವ ಕಲ್ಲಿನ ಬುಡದ ಗಿಡ

ಗಿಡವನ್ನು ಕಡಿಯುವ ಮಾತು ಮೊದಲು ಎತ್ತಿದ್ದು ಪದ್ಮಾಕ್ಷಿ. ಮಗ ಚಿದಾನಂದ ತೀರಿಕೊಂಡು ಎರಡು ವರ್ಷ ತುಂಬುವುದಕ್ಕೆ ಇನ್ನು ಹದಿನೈದು ದಿನ ಉಳಿದಿತ್ತು. ಆ ದಿನ ಸತ್ತವನಿಗೆ ಎಲೆ ಹಾಕಿ ಬಡಿಸಬೇಕು. ಅದಕ್ಕೆ ಮೊದಲು ಮನೆಯ ಸುತ್ತಲಿನ ಪೊದೆ ಕಿತ್ತು, ಹಿತ್ತಿಲು ಗುಡಿಸಿ ಚೊಕ್ಕ ಮಾಡಬೇಕು.

"ಆ ಮುಳ್ಳಿನದ್ದನ್ನು ಈ ಸಲ ಬುಡದಿಂದಲೇ ತೆಗೆಯುವ," ಎಂದರು ಪದ್ಮಾಕ್ಷಿ, ಕತ್ತಿಯನ್ನು ಕಲ್ಲಿಗೆ ಮಸೆಯುತ್ತ. "ಈಗ ಕಾಯಿ ಬೇರೆ ಬಿಟ್ಟಿದೆ. ಮಗು ಹಣ್ಣು ಅಂತ ಬಾಯಿಗೆ ಹಾಕಿಕೊಂಡರೆ ಆಸ್ಪತ್ರೆಗೆ ಯಾರು ಓಡುವುದು?"

ಸೊಸೆ ಭವ್ಯಶ್ರೀ ಮಗುವಿನ ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತಿದಳು. "ಸ್ವಲ್ಪ ದಿನ ಇರಲಿ ಮಾಮಿ. ಏನು ಗಿಡ ಅಂತ ತಿಳಿದುಕೊಂಡು ಮತ್ತೆ ಕಡಿಯುವ."

"ಹೆಸರು ತಿಳಿದು ಏನಾಗಬೇಕು? ಅದಕ್ಕೆ ರೇಷನ್ ಕಾರ್ಡ್ ಮಾಡಿಸಲಿಕ್ಕೆ ಉಂಟಾ?"

ಹಾಗೆಂದರೂ ಪದ್ಮಾಕ್ಷಿ ಕತ್ತಿಯನ್ನು ಕೆಳಗಿಟ್ಟರು. ಸೊಸೆಯ ಮಾತನ್ನು ತಳ್ಳಿಹಾಕುವ ಹೆಂಗಸಲ್ಲ ಅವರು. ಗಂಡ ಹೋದ ಮೇಲೆ ಭವ್ಯಶ್ರೀ ಮುಂಡಾಜೆಯ ತವರಿಗೆ ಹೋಗದೆ ಇಲ್ಲೇ ಉಳಿದಿದ್ದರೆ ಅದಕ್ಕೆ ಕಾರಣ ಈ ಅತ್ತೆಯೇ. ಹೆರಿಗೆಯಲ್ಲಿ ಕೈ ಹಿಡಿದುಕೊಂಡು ಕುಳಿತವರು ಅವರು. ಮೂಡುಬಿದಿರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಾಗ, "ಹೋಗು, ಮಗುವನ್ನು ನಾನು ನೋಡಿಕೊಳ್ತೇನೆ" ಎಂದು ಬೆಳಿಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿದವರೂ ಅವರೇ. ಮೊಮ್ಮಗಳು ಪ್ರಾಪ್ತಿಗೆ ಈಗ ಎರಡು ತುಂಬುತ್ತಾ ಬಂದಿತ್ತು.

ಆ ಗಿಡವನ್ನು ಯಾರೂ ನೆಟ್ಟಿರಲಿಲ್ಲ. ಪೊಳಲಿಯಿಂದ ಬಿ.ಸಿ.ರೋಡ್ ಕಡೆಗೆ ಎರಡು ಮೈಲು ಬಂದರೆ ಇವರ ಮನೆ. ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ನೀರು ಹರಿದುಹೋಗುವ ಚಿಕ್ಕ ಕಣಿ. ಕಣಿಯ ಅಂಚಿನಲ್ಲಿ ಹಲಸಿನ ನೆರಳಿಗೆ ಅದು ತಾನಾಗಿ ಎದ್ದಿತ್ತು. ಮೊದಲ ಮಳೆಗಾಲದಲ್ಲಿ ಗೇಣುದ್ದ ಇದ್ದದ್ದು ಎರಡನೆಯ ಮಳೆಗಾಲ ಮುಗಿಯುವಾಗ ಆಳೆತ್ತರ ಬೆಳೆದು, ಬಳ್ಳಿಯ ಹಾಗೆ ಬಾಗಿ ತುದಿಯನ್ನು ನೆಲಕ್ಕೆ ಊರಿತ್ತು. ಕಡ್ಡಿಗೆ ಬಿಳಿ ಪೌಡರ್ ಬಳಿದಂತಹ ಬಣ್ಣ, ಮೈತುಂಬ ಕೊಕ್ಕೆಯಂತಹ ಮುಳ್ಳು. ಎಲೆ ಮೇಲೆ ಹಸಿರು, ತಿರುಗಿಸಿದರೆ ಬೆಳ್ಳಗೆ. ಈ ಬೇಸಿಗೆಯಲ್ಲಿ ಗುಲಾಬಿ ಬಣ್ಣದ ಸಣ್ಣ ಹೂ ಬಂದು, ಈಗ ಗುಂಡಿ ಗಾತ್ರದ ಕಾಯಿಗಳು ಗೊಂಚಲಾಗಿ ಕೆಂಪಾಗತೊಡಗಿದ್ದವು.

ಊರವರ ಬಾಯಲ್ಲಿ ಅದಕ್ಕೆ ಹೆಸರಿಗೇನೂ ಬರ ಇರಲಿಲ್ಲ. ಚಿದಾನಂದನ ಚಿಕ್ಕಪ್ಪ ಶೇಷಪ್ಪ ಒಮ್ಮೆ ಬಂದವರು ದೂರದಿಂದಲೇ ನೋಡಿ, "ಅದು ಕಮ್ಯುನಿಸ್ಟ್ ಸೊಪ್ಪಿನ ಜಾತಿಯ ಕಳೆ, ಬಿಟ್ಟರೆ ಮನೆಯೊಳಗೆ ಬರ್ತದೆ" ಎಂದು ತೀರ್ಪು ಕೊಟ್ಟಿದ್ದರು. ಪಕ್ಕದ ಮನೆಯ ಮೋಹಿನಿ ಅದು ವಿಷ ಎಂದಳು. ಅವಳಿಗೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತಂತೆ. ಭವ್ಯಶ್ರೀ ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದರೆ ಅದು ಒಂದು ದಿನ ಗುಲಾಬಿ ಎಂದಿತು, ಇನ್ನೊಂದು ದಿನ ಹಿಪ್ಪುನೇರಳೆ ಎಂದಿತು. ಗೊತ್ತಿಲ್ಲ ಎಂದು ಹೇಳಲಿಕ್ಕೆ ಮಾತ್ರ ಯಾರಿಗೂ ಬಾಯಿ ಬರಲಿಲ್ಲ.

ಈ ಗಿಡದ ಮೇಲೆ ತನಗೇಕೆ ಇಷ್ಟು ಕಾಳಜಿ ಎಂದು ಭವ್ಯಶ್ರೀ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ಆ ಅಂಗಿಯ ವಿಷಯ ಹೇಳಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ತುಳುವರ ಪಗ್ಗು ತಿಂಗಳಿನ ಹತ್ತನೆಯ ದಿನ. ಕೈಕಂಬದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಚಿದಾನಂದ, ಪಂಪಿನ ವಾಷರ್ ತರಲಿಕ್ಕೆ ಬಿ.ಸಿ.ರೋಡಿಗೆ ಹೋಗಿ ಬರ್ತೇನೆ ಎಂದು ಬೈಕ್ ಹತ್ತಿದ್ದ. ಭವ್ಯಶ್ರೀಗೆ ಆಗ ಏಳು ತಿಂಗಳು. ಎರಡು ದಿನ ಬಿಟ್ಟು ಅವಳ ಬಯಕೆ ಶಾಸ್ತ್ರ ಇತ್ತು. ತವರಿನವರು ಹೂ, ಸೀರೆ, ತಿಂಡಿ ಹೊತ್ತು ಬರುವವರಿದ್ದರು. ಸಂಜೆ ನಾಲ್ಕಕ್ಕೆ ಫೋನ್ ಬಂತು. ಬೈಕ್ ಚಾರ್ಮಾಡಿ ಘಾಟಿ ಇಳಿಯುವ ತಿರುವಿನಲ್ಲಿ ತಡೆಗೋಡೆಗೆ ಬಡಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅರ್ಧ ಗಂಟೆಯ ದಾರಿಯ ಬಿ.ಸಿ.ರೋಡಿಗೆ ಹೊರಟವನು ಅಷ್ಟು ದೂರದ ಚಾರ್ಮಾಡಿಯಲ್ಲಿ ಏನು ಮಾಡುತ್ತಿದ್ದ? ಅಳುವವರ ನಡುವೆಯೇ ಆ ಪ್ರಶ್ನೆ ಎದ್ದಿತು. ಐದನೆಯ ದಿನ ಪೊಲೀಸರು ಅವನ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಾಗ ಅದಕ್ಕೆ ಉತ್ತರವೂ ಸಿಕ್ಕಿತು. ಚೀಲದ ಬಾಯಿ ಬಿಚ್ಚಿದ ಶೇಷಪ್ಪ ಮೂಗು ಮುಚ್ಚಿಕೊಂಡರು. ಅಂಗಿಯ ಎದೆಯ ಮೇಲೆ ದೊಡ್ಡ ಕಡುನೇರಳೆ ಕಲೆ, ಹುಳಿ ಹುಳಿ ವಾಸನೆ. ಘಾಟಿಯ ಮೇಲೆ ಮನೆಯಲ್ಲೇ ಮಾಡಿದ ವೈನು ಸಿಗುತ್ತದೆ ಎಂದು ನೆರೆದವರಲ್ಲಿ ಯಾರೋ ಹೇಳಿದರು. ಮತ್ತೆ ಯಾರೂ ಏನೂ ಕೇಳಲಿಲ್ಲ.

ಯಾಕೆಂದರೆ ಚಿದಾನಂದ ಮೊದಲು ಕುಡಿಯುತ್ತಿದ್ದ. ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ನಿಲ್ಲಲಿಕ್ಕಾಗದಷ್ಟು ಕುಡಿಯುತ್ತಿದ್ದ. ಮದುವೆಗೆ ಮೊದಲು ಪದ್ಮಾಕ್ಷಿ ಅವನನ್ನು ಎಳೆದುಕೊಂಡು ಪೊಳಲಿಗೆ ಹೋಗಿ, ರಾಜರಾಜೇಶ್ವರಿಯ ಎದುರು ನಿಲ್ಲಿಸಿ ಆಣೆ ಹಾಕಿಸಿದ್ದರು. "ಇನ್ನು ಮುಟ್ಟಿದರೆ ಅಮ್ಮ ನನ್ನನ್ನು ನೋಡಿಕೊಳ್ಳಲಿ" ಎಂದು ಅವನು ಮೆಟ್ಟಿಲು ಮುಟ್ಟಿ ಹೇಳಿದ್ದ. ಮೂರು ವರ್ಷ ಮುಟ್ಟಿರಲಿಲ್ಲ. ಮುಟ್ಟಿದ ದಿನವೇ ಹೋದ, ಎಂದಿತು ಊರು. ಆಣೆ ತಪ್ಪಿದವನನ್ನು ದೇವಿ ಬಿಡುತ್ತಾಳಾ ಎಂದು ಕೇಳಿದವರು ಕೆಟ್ಟವರೇನಲ್ಲ, ಹೆಣಕ್ಕೆ ಹೆಗಲು ಕೊಟ್ಟವರೇ. ಈ ಸೀಮೆಯಲ್ಲಿ ಆಣೆ ಎಂದರೆ ಕೋರ್ಟಿನ ತೀರ್ಪಿಗಿಂತ ಗಟ್ಟಿ.

ಪೋಸ್ಟ್‌ಮಾರ್ಟಂ ಮಾಡಿದ ಕಾಗದವೂ ತಿಂಗಳ ನಂತರ ಬಂತು. "ಓದಿ ಏನಾಗಬೇಕು? ಅದು ಹೊರಗೆ ಬಿದ್ದರೆ ಇದ್ದ ಮಾನವೂ ಹೋಗ್ತದೆ," ಎಂದು ಶೇಷಪ್ಪ ಅದನ್ನು ಲಕೋಟೆಯಿಂದ ತೆಗೆಯದೆ ಗೋದ್ರೆಜ್ ಕಪಾಟಿನೊಳಗೆ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದರು. ಅಣ್ಣನ ಮಗನ ಮೇಲಿನ ಪ್ರೀತಿಯಿಂದಲೇ ಇಟ್ಟರು.

ಸತ್ತವನ ಬಟ್ಟೆಯನ್ನು ಹೊಳೆಗೆ ಬಿಡಬೇಕು. ಆದರೆ ಆರನೆಯ ದಿನ ಮಧ್ಯಾಹ್ನ, ಮನೆಯವರೆಲ್ಲ ಉಂಡು ಅಡ್ಡಾದಾಗ, ಭವ್ಯಶ್ರೀ ಚೀಲದಿಂದ ಆ ಅಂಗಿಯೊಂದನ್ನು ಎಳೆದು ತೆಗೆದು, ಹೊಟ್ಟೆ ಹೊತ್ತುಕೊಂಡು ಹಿತ್ತಿಲಿಗೆ ಹೋದಳು. ಯಾಕೆ ಹೋದಳೆಂದು ಅವಳಿಗೇ ಗೊತ್ತಿರಲಿಲ್ಲ. ಆ ಕಲೆ ಹೋಗಬೇಕು ಎಂಬುದೊಂದೇ ತಲೆಯಲ್ಲಿತ್ತು. ಜೇಬಿನಲ್ಲಿ ಏನೋ ಕಪ್ಪಗೆ ಮೆತ್ತಗೆ ಹೆಪ್ಪುಗಟ್ಟಿತ್ತು. ರಕ್ತವೆಂದುಕೊಂಡು ಅವಳು ಕಣ್ಣು ಮುಚ್ಚಿ ಜೇಬನ್ನು ಹೊರಮಗುಚಿ ಕಲ್ಲಿನ ಮೇಲೆ ಕೊಡವಿದಳು. ಮೇಲಿಂದ ಎರಡು ಬಾಲ್ದಿ ನೀರು ಹೊಯ್ದಳು. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಅಂಗಿಯನ್ನು ಒಣಗಿಸಿ ತನ್ನ ಟ್ರಂಕಿನ ತಳಕ್ಕೆ ಹಾಕಿದವಳು ಮತ್ತೆ ಅದನ್ನು ಮುಟ್ಟಿರಲಿಲ್ಲ. ಆ ನೀರು ಹರಿದುಹೋದ ಕಣಿಯ ಅಂಚಿನಲ್ಲೇ ಮಳೆ ಬಿದ್ದ ಮೇಲೆ ಈ ಗಿಡ ಎದ್ದದ್ದು.

ಅವಳಿಗೆ ಸಿಟ್ಟು ಇತ್ತು, ಹೇಳಲಾರದಷ್ಟು ಸಿಟ್ಟು. ಏಳು ತಿಂಗಳ ಬಸುರಿಗೆ ವಾಷರ್ ಎಂದು ಸುಳ್ಳು ಹೇಳಿ ಕುಡಿಯಲಿಕ್ಕೆ ಹೋದವನಿಗಾಗಿ ಅಳುವುದು ಹೇಗೆ? ಹೆಣದ ಮುಂದೆ ಅತ್ತದ್ದು ಅಷ್ಟೇ. ಚೀಲ ಬಿಚ್ಚಿದ ದಿನದಿಂದ ಅಳು ಗಂಟಲಲ್ಲಿ ನಿಂತಿತು, ಹೊರಗೆ ಬರಲಿಲ್ಲ. ಗೋಡೆಯ ಫೋಟೋ ತೋರಿಸಿ ಮಗುವಿಗೆ ಒಂದು ಸಲವೂ "ಅಪ್ಪ" ಎಂದು ಅವಳು ಹೇಳಿಕೊಟ್ಟಿರಲಿಲ್ಲ.

ಪದ್ಮಾಕ್ಷಿಯ ಸಂಕಟ ಬೇರೆಯೇ. ಅದನ್ನು ಅವರು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದರು: "ಆಣೆ ಹಾಕಿಸಿದ್ದು ನಾನಲ್ಲವಾ? ಹಾಕಿಸದಿದ್ದರೆ ಕುಡುಕನಾಗಿಯಾದರೂ ಇರ್ತಿದ್ದ." ವಾರಕ್ಕೊಮ್ಮೆ ತಪ್ಪದೆ ಪೊಳಲಿಗೆ ಹೋಗುತ್ತಿದ್ದವರು ಈ ಎರಡು ವರ್ಷ ಆ ಕಡೆ ಕಾಲಿಟ್ಟಿಲ್ಲ. ಕೈಕಂಬಕ್ಕೆ ಹೋಗುವ ಬಸ್ಸು ದೇವಸ್ಥಾನದ ಎದುರು ನಿಂತರೆ ಸೆರಗು ಎಳೆದುಕೊಂಡು ಇನ್ನೊಂದು ಬದಿಗೆ ಮುಖ ತಿರುಗಿಸುತ್ತಾರೆ. ಮಗನನ್ನು ಕೊಂದದ್ದು ತಾನೇ ಎಂದು ಆ ತಾಯಿ ನಂಬಿಬಿಟ್ಟಿದ್ದರು.

ಕಳೆದ ವರ್ಷ ಎಲೆ ಬಡಿಸುವಾಗ ಶೇಷಪ್ಪ ಅನ್ನ, ಕೋಳಿ ಸಾರು, ಹುರಿದ ಬಂಗುಡೆಯ ಪಕ್ಕದಲ್ಲಿ ಒಂದು ಲೋಟ ಬ್ರಾಂದಿಯನ್ನೂ ಇಟ್ಟಿದ್ದರು. ಸತ್ತವರಿಗೆ ಅವರ ಇಷ್ಟದ್ದನ್ನು ಇಡುವುದು ಕ್ರಮ. "ಅದರ ಮೇಲೆಯೇ ಹೋದವ, ಆಸೆ ಅಲ್ಲೇ ನಿಂತಿರ್ತದೆ," ಎಂದಿದ್ದರು. ಆ ಲೋಟವನ್ನು ನೋಡಿ ಪದ್ಮಾಕ್ಷಿ ಅಡುಗೆಮನೆಗೆ ಹೋದವರು ಸಂಜೆಯವರೆಗೆ ಹೊರಗೆ ಬಂದಿರಲಿಲ್ಲ.

ಕತ್ತಿ ಮಸೆದ ಮರುದಿನ ಭವ್ಯಶ್ರೀ ಗಿಡದ ಒಂದು ಕೊಂಬೆಯನ್ನು ಎಲೆ, ಕಾಯಿ ಸಮೇತ ಕತ್ತರಿಸಿ ಪೇಪರಿನಲ್ಲಿ ಸುತ್ತಿ ಬಸ್ ಹತ್ತಿದಳು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಮುಳ್ಳು ಒಬ್ಬ ವಿದ್ಯಾರ್ಥಿನಿಯ ದುಪಟ್ಟಾ ಹಿಡಿದು, ಬಿಡಿಸಲಿಕ್ಕೆ ಐದು ನಿಮಿಷ ಹಿಡಿಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಅದನ್ನು ಸಸ್ಯಶಾಸ್ತ್ರದ ಉಪನ್ಯಾಸಕಿ ಸುರಕ್ಷಾ ಮೇಡಂ ಅವರ ಮೇಜಿನ ಮೇಲೆ ಬಿಚ್ಚಿಟ್ಟಳು.

ಸುರಕ್ಷಾ ಬುತ್ತಿ ಮುಚ್ಚಿಟ್ಟು ಕೈ ಒರೆಸಿಕೊಂಡರು. ಎಲೆಯನ್ನು ತಿರುಗಿಸಿ ನೋಡಿದರು, ಕಡ್ಡಿಯ ಬಿಳಿಯನ್ನು ಉಗುರಿನಿಂದ ಕೆರೆದರು, ಒಂದು ಕೆಂಪು ಕಾಯನ್ನು ಬಿಡಿಸಿ ಲೆನ್ಸ್ ಹಿಡಿದರು.

"ಇದು ಎಲ್ಲಿ ಸಿಕ್ಕಿತು ನಿಮಗೆ?"

"ನಮ್ಮ ಹಿತ್ತಿಲಲ್ಲಿ ಮೇಡಂ. ಪೊಳಲಿ ಹತ್ತಿರ."

"ಆಗಲಿಕ್ಕಿಲ್ಲ," ಎಂದರು ಅವರು ತಣ್ಣಗೆ. "ಇದು ಕಾಡು ರಾಸ್ಬೆರಿ ಜಾತಿಯದ್ದು. ಘಟ್ಟದ ಕೆಳಗಿನ ಗಿಡ ಅಲ್ಲ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದ ಕಡೆ ಹೋದರೆ ರಸ್ತೆ ಬದಿಯಲ್ಲೇ ಉಂಟು, ಈಗ ಹಣ್ಣಿನ ಕಾಲ. ಈ ಸೆಖೆಯಲ್ಲಿ ಅದು ಬದುಕಿದ್ದೇ ದೊಡ್ಡ ವಿಷಯ. ನೀರು, ನೆರಳು ಚೆನ್ನಾಗಿ ಸಿಕ್ಕಿರಬೇಕು."

ಚಾರ್ಮಾಡಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ಭವ್ಯಶ್ರೀ ಅವಸರದಿಂದ ಕೇಳಿದಳು, "ಹಕ್ಕಿ ತಂದಿರಬಹುದಾ?"

"ಅಷ್ಟು ದೂರ ಹೊಟ್ಟೆಯಲ್ಲಿ ಇಟ್ಟುಕೊಂಡು ಯಾವ ಹಕ್ಕಿಯೂ ಬರುವುದಿಲ್ಲ ಭವ್ಯಾ. ಯಾರೋ ಹಣ್ಣು ತಂದಿದ್ದಾರೆ. ತಿಂದು ಕೈ ತೊಳೆದ ನೀರಿನಲ್ಲಿ ಬೀಜ ಹೋಗಿರ್ತದೆ." ಅವರು ಕೊಂಬೆಯನ್ನು ಮತ್ತೆ ಸುತ್ತಿ ಕೊಟ್ಟರು. "ವಿಷ ಅಲ್ಲ, ಹೆದರಬೇಡಿ. ಈ ಕೆಂಪಿನಲ್ಲಿ ತಿಂದರೆ ಹುಳಿ. ನಾಲ್ಕೈದು ದಿನದಲ್ಲಿ ಕಪ್ಪಾಗ್ತದೆ, ಆಗ ತಿನ್ನಿ. ಬಟ್ಟೆಗೆ ಮಾತ್ರ ತಾಗಿಸಬೇಡಿ, ಆ ಕಲೆ ಹೋಗುವುದಿಲ್ಲ."

ಬಸ್ಸಿನಲ್ಲಿ ಬರುವಾಗ ಭವ್ಯಶ್ರೀ ಕೊನೆಯ ಆ ಒಂದು ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಆದರೂ ಒಪ್ಪಿಕೊಳ್ಳಲಿಕ್ಕೆ ಮನಸ್ಸು ಹೆದರಿತು. ಅವನಿಗೆ ಹಣ್ಣು ಯಾಕೆ? ಹಣ್ಣಿಗಾಗಿ ಘಾಟಿ ಹತ್ತುವ ಗಂಡಸು ಎಲ್ಲಿದ್ದಾನೆ?

ಐದನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯಲಿಕ್ಕೆ ಹೋದಾಗ ಒಂದು ಗೊಂಚಲು ಪೂರ್ತಿ ಕಪ್ಪಾಗಿತ್ತು. ಮೇಲೆ ನವಿರಾದ ಬಿಳಿ ರೋಮ. ಮುಟ್ಟಿದ್ದೇ ತಡ, ಹಣ್ಣು ತೊಟ್ಟು ಕಳಚಿ ಅಂಗೈಗೆ ಬಂತು. ಭವ್ಯಶ್ರೀ ಅದನ್ನು ಬಾಯಿಗೆ ಹಾಕಿಕೊಂಡಳು.

ನಾಲಿಗೆ ಅವಳನ್ನು ನೇರ ಮುಂಡಾಜೆಯ ಶಾಲೆಯ ಗೇಟಿಗೆ ಕರೆದೊಯ್ದಿತು. ಅಲ್ಲಿ ಬೇಸಿಗೆ ರಜೆಗೆ ಮೊದಲಿನ ವಾರಗಳಲ್ಲಿ ಐಸಮ್ಮ ಎಂಬ ಮುದುಕಿ ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಘಾಟಿಯ ಮೇಲೆ ತೋಟದ ಕೆಲಸಕ್ಕೆ ಹೋದವಳು ಇಳಿದು ಬರುವಾಗ ತರುತ್ತಿದ್ದ ಕಪ್ಪು ಹಣ್ಣುಗಳು, ತೇಗದ ಎಲೆಯ ಕೊಟ್ಟೆಯಲ್ಲಿ. ಮಕ್ಕಳಿಗೆ ಅದರ ಗಿಡ ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಐಸಮ್ಮನ ಹಣ್ಣು, ಅಷ್ಟೇ. ಐಸಮ್ಮ ತೀರಿಕೊಂಡ ಮೇಲೆ ಭವ್ಯಶ್ರೀ ಅದನ್ನು ಮತ್ತೆ ಎಲ್ಲೂ ತಿಂದಿರಲಿಲ್ಲ.

ಮತ್ತೆ ಇನ್ನೊಂದು ಮಧ್ಯಾಹ್ನ ನೆನಪಾಯಿತು. ಅವಳು ಎರಡು ವರ್ಷದಲ್ಲಿ ಒಮ್ಮೆಯೂ ನೆನೆಯದ ಮಧ್ಯಾಹ್ನ. ಫ್ಯಾನಿನ ಕೆಳಗೆ ಚಾಪೆ ಹಾಕಿ ಮಲಗಿದ್ದಾಗ ಚಿದಾನಂದ ಅವಳ ಕಾಲಿನ ಬಾವು ಒತ್ತಿ ನೋಡುತ್ತ ಕೇಳಿದ್ದ: "ಬಯಕೆಯ ದಿನ ಎಲೆಗೆ ಏನೇನು ಬೇಕು ನಿನಗೆ? ಹೋಳಿಗೆ, ಚಕ್ಕುಲಿ ಎಲ್ಲ ಅವರು ತರ್ತಾರೆ. ನಿನಗೇ ಅಂತ ಏನಾದರೂ ಹೇಳು."

"ಐಸಮ್ಮನ ಹಣ್ಣು," ಎಂದಿದ್ದಳು ಇವಳು ನಕ್ಕು.

"ಅದು ಎಲ್ಲಿ ಸಿಗ್ತದೆ ಮಾರಾಯ್ತಿ?"

"ಘಾಟಿ ಮೇಲೆ. ಹೋಗಿ ತರ್ತೀರಾ?"

ಅವನೂ ನಕ್ಕಿದ್ದ. ಮಾತು ಅಲ್ಲಿಗೆ ಮುಗಿದಿತ್ತು. ಇವಳಿಗೆ ಅದು ತಮಾಷೆ. ಮರುದಿನಕ್ಕೆ ಮರೆತೂ ಹೋಗಿತ್ತು.

ಭವ್ಯಶ್ರೀ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಒಳಗೆ ಹೋಗಿ ಟ್ರಂಕು ತೆಗೆದಳು. ಅಂಗಿಯ ಜೇಬನ್ನು ಹೊರಮಗುಚಿದರೆ ಹೊಲಿಗೆಯ ಸಂದಿನಲ್ಲಿ ರವೆಯ ಕಾಳಿನಷ್ಟು ಚಿಕ್ಕ ಬೀಜಗಳು, ಆರೋ ಏಳೋ, ಇನ್ನೂ ಸಿಕ್ಕಿಕೊಂಡಿದ್ದವು. ಬಾಯಲ್ಲಿದ್ದ ಹಣ್ಣಿನ ಬೀಜವನ್ನು ತೆಗೆದು ಪಕ್ಕದಲ್ಲಿಟ್ಟಳು. ಒಂದೇ. ನಾಲ್ಕು ದಿನ ಬೇಸಿಗೆಯ ಸೆಖೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕೊಳೆತ ಹಣ್ಣಿಗೆ ಹುಳಿ ವಾಸನೆ ಅಲ್ಲದೆ ಇನ್ನೇನು ಬರಬೇಕಿತ್ತು?

ಆಮೇಲೆ ಗೋದ್ರೆಜ್ ತೆರೆದಳು. ಲಕೋಟೆಯ ಅಂಟು ಹಾಗೆಯೇ ಇತ್ತು. ನಾಲ್ಕು ಪುಟದ ಇಂಗ್ಲಿಷ್ ಕಾಗದದ ಮೂರನೆಯ ಪುಟದಲ್ಲಿ, ಹೊಟ್ಟೆಯ ವಿಷಯ ಬರೆದ ಕಡೆ, ಅರ್ಧ ಜೀರ್ಣವಾದ ಆಹಾರ ಇದೆ, ಮದ್ಯದ ವಾಸನೆ ಇಲ್ಲ ಎಂದು ಒಂದು ಸಾಲು ಇತ್ತು. ಎರಡು ವರ್ಷ ಅದು ಸೀರೆಗಳ ಕೆಳಗೆ ಬಿದ್ದುಕೊಂಡಿತ್ತು. ಅವಳು ಬಿ.ಕಾಂ. ಓದಿದವಳು, ದಿನವೂ ಪುಸ್ತಕಗಳ ನಡುವೆ ಕೂರುವವಳು. ಗಂಡನ ಬಗ್ಗೆ ಬರೆದ ನಾಲ್ಕು ಪುಟವನ್ನು ಓದಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸುಳ್ಳು ಹೇಳಿ ಹೋದದ್ದು ನಿಜ. ನಿಜ ಹೇಳಿದ್ದರೆ ಇವಳು ಬಿಡುತ್ತಿರಲಿಲ್ಲ, ಅದಕ್ಕೆ ಸುಳ್ಳು ಹೇಳಿದ. ಬಯಕೆಯ ಎಲೆಯ ಮೇಲೆ ಆ ಹಣ್ಣು ಕಂಡಾಗ ಇವಳ ಮುಖ ಹೇಗಾದೀತೆಂದು ನೋಡಲಿಕ್ಕೆ ಕಾದಿದ್ದವನು, ಬೈಕಿನ ಪೆಟ್ಟಿಗೆಯಲ್ಲಿ ಜಜ್ಜಿಹೋದೀತೆಂದು ಎದೆಯ ಜೇಬಿನಲ್ಲಿಟ್ಟುಕೊಂಡು ಇಳಿದಿದ್ದ.

ಆಮೇಲಿನ ಎಂಟು ದಿನ ಭವ್ಯಶ್ರೀಗೆ ಹೇಳಲಿಕ್ಕೂ ಆಗಲಿಲ್ಲ, ನುಂಗಲಿಕ್ಕೂ ಆಗಲಿಲ್ಲ. ಹೇಳಿದರೆ ಅತ್ತೆಯ ತಲೆಯ ಮೇಲಿನ ಕಲ್ಲು ಇಳಿಯುತ್ತದೆ. ಮಗ ಆಣೆ ಮುರಿಯಲಿಲ್ಲ, ದೇವಿ ಕೈ ಬಿಡಲಿಲ್ಲ, ತಾಯಿಯ ತಪ್ಪೂ ಇಲ್ಲ. ಆದರೆ ಆ ಕಲ್ಲು ಯಾರ ತಲೆಗೆ ಬರುತ್ತದೆ? ಘಾಟಿಗೆ ಕಳಿಸಿದ್ದು ಇವಳ ನಾಲಿಗೆ. ಎರಡು ವರ್ಷ ಸ್ವಂತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡ ಹೆಂಗಸು ನಾಳೆಯಿಂದ ತನ್ನನ್ನು ಯಾವ ಕಣ್ಣಿನಿಂದ ನೋಡಿಯಾರು? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗಿಡ ಕಡಿದರಾಯಿತು, ಅಂಗಿಯನ್ನು ಹೊಳೆಗೆ ಬಿಟ್ಟರಾಯಿತು.

ವರ್ಷದ ದಿನಕ್ಕೆ ಸಾಮಾನು ತರಲಿಕ್ಕೆಂದು ಹಿಂದಿನ ದಿನ ಅತ್ತೆ ಸೊಸೆ ಕೈಕಂಬಕ್ಕೆ ಹೋಗಿದ್ದರು. ಬಸ್ಸು ಪೊಳಲಿಯಲ್ಲಿ ನಿಂತಿತು. ಪಕ್ಕದಲ್ಲಿ ಕುಳಿತ ಪದ್ಮಾಕ್ಷಿ ಎಂದಿನಂತೆ ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ಮಡಿಲಲ್ಲಿದ್ದ ಪ್ರಾಪ್ತಿ ದೇವಸ್ಥಾನದ ಕಡೆ ಕೈ ತೋರಿಸಿ ಏನೋ ಹೇಳಿದಳು. ಅಜ್ಜಿ ಆ ಪುಟ್ಟ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಅದನ್ನು ನೋಡಿದ ಮೇಲೆ ಭವ್ಯಶ್ರೀಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ಶೇಷಪ್ಪ ಬಂದರು. ಒಳಕೋಣೆಯಲ್ಲಿ ದೀಪ ಹಚ್ಚಿ, ಮಣೆ ಇಟ್ಟು ಬಾಳೆಲೆ ಹಾಕಿದರು. ಪದ್ಮಾಕ್ಷಿ ಅನ್ನ, ಕೋಳಿ ಸಾರು, ರೊಟ್ಟಿ, ಬಂಗುಡೆ ತಂದು ಬಡಿಸಿದರು. ಶೇಷಪ್ಪ ತನ್ನ ಚೀಲದಿಂದ ಪೇಪರಿನಲ್ಲಿ ಸುತ್ತಿದ ಬಾಟಲಿ ತೆಗೆದು ಸ್ಟೀಲ್ ಲೋಟಕ್ಕೆ ಬಗ್ಗಿಸಿದರು.

"ಅದು ಬೇಡ ಮಾವ," ಎಂದಳು ಭವ್ಯಶ್ರೀ ಬಾಗಿಲಲ್ಲಿ ನಿಂತು.

"ಇರಲಿ ಮಗಾ. ಅವನ ಇಷ್ಟದ್ದು."

"ಅವರು ಅವತ್ತು ಕುಡಿಯಲಿಲ್ಲ."

ಅವಳು ಅಂಗಿಯನ್ನು, ಲಕೋಟೆಯನ್ನು, ಬೆಳಿಗ್ಗೆ ಕೊಯ್ದ ಒಂದು ಕೊಟ್ಟೆ ಕಪ್ಪು ಹಣ್ಣನ್ನು ಅವರ ಮುಂದಿಟ್ಟಳು. ಮಾತು ಜೋಡಿಸಿ ಹೇಳಲಿಕ್ಕೆ ಬರಲಿಲ್ಲ, ತೋಚಿದ ಹಾಗೆ ಹೇಳಿದಳು. ಹಿತ್ತಿಲಿನ ಗಿಡ ಎಲ್ಲಿಯದ್ದು, ಅದರ ಬೀಜ ಎಲ್ಲಿಂದ ಬಂತು, ಕಾಗದದಲ್ಲಿ ಏನು ಬರೆದಿದೆ, ಎಲ್ಲ. ಫ್ಯಾನಿನ ಕೆಳಗಿನ ಆ ಮಧ್ಯಾಹ್ನವನ್ನೂ ಬಿಡಲಿಲ್ಲ. "ನಾನು ಕೇಳಿದ್ದು ಮಾಮಿ. ನನಗೆ ಅಂತ ತರಲಿಕ್ಕೆ ಹೋದದ್ದು," ಎಂದು ನಿಲ್ಲಿಸಿದಳು.

ಶೇಷಪ್ಪ ಲಕೋಟೆಯ ಕಾಗದವನ್ನು ಹಿಡಿದುಕೊಂಡು ಗೋಡೆಗೆ ಒರಗಿದರು. ಓದಲಿಕ್ಕೆ ಬಾರದ ಆ ಸಾಲಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು. "ನಾನೇ ಅಲ್ಲವಾ ಬೀಗ ಹಾಕಿಟ್ಟದ್ದು," ಎಂದರು.

ಪದ್ಮಾಕ್ಷಿ ಸೊಸೆಯ ಮುಖ ನೋಡಲಿಲ್ಲ. ಅಂಗಿಯನ್ನು ಎತ್ತಿಕೊಂಡು ಕಲೆಯ ಮೇಲೆ ಕೈ ಆಡಿಸಿದರು, ಜೇಬಿನೊಳಗೆ ಬೆರಳು ಹಾಕಿ ನೋಡಿದರು. ಆಮೇಲೆ ಎಲೆಯ ಪಕ್ಕದ ಲೋಟವನ್ನು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದರು. ಲೋಟ ಬಗ್ಗಿಸಿದ ಸದ್ದು, ಬಾವಿಯ ಕಟ್ಟೆಯಲ್ಲಿ ಅದನ್ನು ತಿಕ್ಕಿ ತಿಕ್ಕಿ ತೊಳೆಯುವ ಸದ್ದು ಒಳಗೆ ಕೇಳಿಸಿತು. ಬಹಳ ಹೊತ್ತು ತೊಳೆದರು. ತಿರುಗಿ ಬಂದಾಗ ಲೋಟದಲ್ಲಿ ಬಾವಿಯ ನೀರಿತ್ತು. ಅದನ್ನು ಎಲೆಯ ಬಲಕ್ಕಿಟ್ಟು, ಕೊಟ್ಟೆಯ ಹಣ್ಣುಗಳನ್ನು ಅನ್ನದ ಪಕ್ಕದಲ್ಲಿ ಸುರಿದು, ಎಲ್ಲರೂ ಹೊರಗೆ ಬನ್ನಿ ಎಂದು ಸನ್ನೆ ಮಾಡಿ ಬಾಗಿಲು ಎಳೆದರು.

ಸತ್ತವರು ಉಣ್ಣುವವರೆಗೆ ಬಾಗಿಲು ಮುಚ್ಚಿರಬೇಕು. ಜಗಲಿಯ ಮೇಲೆ ಮೂವರೂ ಕುಳಿತರು. ಪ್ರಾಪ್ತಿ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದಳು. ಅತ್ತೆ ಏನಾದರೂ ಬೈಯಲಿ, ಹೊರಗೆ ಹೋಗು ಎನ್ನಲಿ, ಏನಾದರೂ ಒಂದು ಹೇಳಲಿ ಎಂದು ಭವ್ಯಶ್ರೀ ಕಾಯುತ್ತಿದ್ದಳು.

"ತುಂಬ ತಂದಿದ್ದನಾ?" ಎಂದು ಕೇಳಿದರು ಪದ್ಮಾಕ್ಷಿ ಅಂಗಳ ನೋಡುತ್ತಲೇ.

"ಜೇಬು ತುಂಬ ಇದ್ದಿರಬೇಕು ಮಾಮಿ."

"ನಿನಗೆ ಒಂದೂ ಸಿಗಲಿಲ್ಲ."

ಭವ್ಯಶ್ರೀ ತಲೆ ಅಲ್ಲಾಡಿಸಿದಳು.

"ಅವನು ಹುಟ್ಟುವ ಮೊದಲು ನನಗೆ ಕುಂಟಲ ಹಣ್ಣಿನ ಆಸೆ ಆಗಿತ್ತು," ಎಂದರು ಅವರು. "ಅವನ ಅಪ್ಪ ಗುಡ್ಡೆ ಹತ್ತಿ ತಂದಿದ್ದರು. ತಿಂದದ್ದು ಈಗಲೂ ನೆನಪುಂಟು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಬಾಗಿಲನ್ನು ಮೂರು ಸಲ ತಟ್ಟಿ ತೆರೆದರು.

ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಎಲ್ಲ ಇಟ್ಟ ಹಾಗೆಯೇ ಇತ್ತು. ಹಣ್ಣಿನ ರಸ ಒಂದಿಷ್ಟು ಅನ್ನಕ್ಕೆ ಇಳಿದು ನೇರಳೆಯಾಗಿತ್ತು. ಬಡಿಸಿದ್ದನ್ನು ಆಮೇಲೆ ಮನೆಯವರು ಹಂಚಿ ಉಣ್ಣುವುದು ಕ್ರಮ. ಪದ್ಮಾಕ್ಷಿ ಬಗ್ಗಿ ಮಗನ ಎಲೆಯಿಂದ ಹಣ್ಣುಗಳನ್ನು ಒಂದೊಂದಾಗಿ ಹೆಕ್ಕಿ ಬೊಗಸೆಗೆ ಹಾಕಿಕೊಂಡರು. ಒಂದನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯ ಹತ್ತಿರ ಬಂದು ಅವಳ ಎರಡೂ ಕೈಗಳನ್ನು ಬಿಡಿಸಿ ಅದರಲ್ಲಿ ಸುರಿದರು.

"ನಿನಗೆ ಅಂತ ತಂದದ್ದು," ಎಂದರು. "ತಿನ್ನು ಮಗಾ."

ಭವ್ಯಶ್ರೀ ಒಂದು ಹಣ್ಣು ಬಾಯಿಗಿಟ್ಟಳು. ಪ್ರಾಪ್ತಿ ಓಡಿಬಂದು ಸೀರೆ ಹಿಡಿದು ಬಾಯಿ ತೆರೆದಳು. ಅವಳಿಗೂ ಒಂದು ಕೊಟ್ಟಳು. ಮಗುವಿನ ತುಟಿ, ಗಲ್ಲ, ಅಂಗಿಯ ಎದೆ ಎಲ್ಲ ನೇರಳೆಯಾಯಿತು. "ಯಾರು ತಂದದ್ದು ಇದು?" ಎಂದು ಕೇಳಿ, ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಗೋಡೆಯ ಫೋಟೋದ ಮುಂದೆ ನಿಂತರು. ಮಗುವಿಗೆ ಆ ಶಬ್ದ ಗೊತ್ತಿರಲಿಲ್ಲ. ಅದನ್ನು ತಾನೇ ಹೇಳಿಕೊಡಬೇಕೆಂದು ಭವ್ಯಶ್ರೀ ಬಾಯಿ ತೆರೆದಳು. ಎರಡು ವರ್ಷ ಗಂಟಲಲ್ಲಿ ನಿಂತಿದ್ದ ಅಳು ಆಗ ಬಂತು.